ಹಿಂದಕ್ಕೂ ಬಗ್ಗುವ ಮೊಣಕೈ

ರಬ್ಬರಕ್ಕನಿಗೆ ಹೆದರಿಕೆ ಹುಟ್ಟಿದ್ದು ಒಂದು ಊಟದ ಡಬ್ಬಿಯ ದೆಸೆಯಿಂದ.

ಡಬ್ಬಿಯನ್ನು ಆಕೆ ಮನೆಯಲ್ಲೇ ಮರೆತು ಕೆಲಸಕ್ಕೆ ಬಂದಿದ್ದಳು. ಮಗಳು ಅದನ್ನು ಹಿಡಿದು ಬಟ್ಟೆ ಒಗೆಯುವ ಕಾರ್ಖಾನೆಯ ಗೇಟಿಗೆ ಬಂದಳು. ಗೇಟು ಕಾಯುವ ಮುದುಕನನ್ನು ಎಲ್ಲರೂ ಗೇಟುಮಾವ ಅನ್ನುತ್ತಾರೆ. ಆತನಿಗೂ ಎದ್ದು ಬೀಗ ತೆಗೆಯುವ ಕೆಲಸಕ್ಕೂ ಎಣ್ಣೆ ಸೀಗೇಕಾಯಿ.

"ಅಲ್ಲೇ ಸಂದೀಲಿ ಕೊಡಮ್ಮ. ಈ ಕಂಬದ ಹಿಂದೆ ಬೆಂಚಿದೆ ನೋಡು, ಅದರ ಮೇಲೆ ಇಟ್ಟುಬಿಡು."

"ಕಂಬದ ಹಿಂದೆ ಹೇಗೆ ಮಾವಾ ಇಡೋದು?"

"ನೀನು ಯಾರ ಮಗಳು, ಅದನ್ನ ಹೇಳು ಮೊದಲು!"

ಮಗಳು ನಕ್ಕಳು. ಸರಳುಗಳ ನಡುವೆ ಕೈ ತೂರಿಸಿದಳು, ನೇರ ಮಾಡಿದಳು, ಆಮೇಲೆ ಇನ್ನೂ ನೇರ ಮಾಡಿದಳು. ನಿಮ್ಮ ನನ್ನ ಮೊಣಕೈ ಎಲ್ಲಿ ಸಾಕು ಅನ್ನುತ್ತದೋ ಅಲ್ಲಿ ಅವಳದು ಸಾಕು ಅನ್ನಲಿಲ್ಲ. ಹಿಂದಕ್ಕೆ ಬಾಗಿತು, ಕಂಬವನ್ನು ಬಳಸಿತು, ಡಬ್ಬಿಯನ್ನು ಬೆಂಚಿನ ಮೇಲೆ ಸದ್ದಿಲ್ಲದೆ ಇಟ್ಟಿತು.

ಇದನ್ನು ನೋಡಿದವರು ಇನ್ನಿಬ್ಬರಿದ್ದರು. ಡಬ್ಬಿ ತೆಗೆದುಕೊಳ್ಳಲು ಬರುತ್ತಿದ್ದ ತಾಯಿ. ಅವಳ ಹಿಂದೆಯೇ ಹಲ್ಲಿಗೆ ಕಡ್ಡಿ ಹಾಕುತ್ತ ಬರುತ್ತಿದ್ದ ಮೇಸ್ತ್ರಿ.

"ಅರೆರೆ! ಇದನ್ನ ಎಲ್ಲಿ ಬಚ್ಚಿಟ್ಟಿದ್ರಿ ರಬ್ಬರಕ್ಕಾ?" ಅಂದ ಮೇಸ್ತ್ರಿ. "ಮನೇಲಿ ಒಂದು ಸ್ಪೇರ್ ಇದೆ ಅಂತ ಹೇಳಲೇ ಇಲ್ವಲ್ಲ!"

ಗೇಟುಮಾವ ನಕ್ಕ. ಮಗಳೂ ನಕ್ಕಳು. ತಾಯಿ ಡಬ್ಬಿಯನ್ನು ಎದೆಗೆ ಒತ್ತಿಕೊಂಡು ನಿಂತಳು. ಅನ್ನ ಬಿಸಿಯಿತ್ತು, ಕೈ ಮಾತ್ರ ಮಂಜುಗಡ್ಡೆಯಾಗಿತ್ತು.

ಆಕೆ ಯಾಕೆ ಹೆದರಿದಳೆಂದು ತಿಳಿಯಬೇಕಾದರೆ ಆ ಕಾರ್ಖಾನೆಯ ಒಳಗೆ ಬರಬೇಕು. ಮೂಗು ಮುಚ್ಚಿಕೊಂಡೇ ಬನ್ನಿ, ಸೋಪಿನ ಘಾಟು ಜೋರಾಗಿದೆ. ಆಸ್ಪತ್ರೆಗಳ, ಹೋಟೆಲುಗಳ ಹಾಸಿಗೆ ಬಟ್ಟೆಗಳು ಇಲ್ಲಿಗೆ ಗುಡ್ಡೆಗುಡ್ಡೆಯಾಗಿ ಬರುತ್ತವೆ. ಒಗೆದು ಹಿಂಡಿದ ಮೇಲೆ ಅವು ಉರುಳೆಗೆ ಹೋಗುತ್ತವೆ. ಉರುಳೆ ಅಂದರೆ ಮರದ ದಿಮ್ಮಿಯಷ್ಟು ದಪ್ಪದ, ಮೆತ್ತೆ ಸುತ್ತಿದ ರೋಲರು. ಅದರ ಕೆಳಗೆ ಕಾದ ಕಬ್ಬಿಣದ ತೊಟ್ಟಿಲು. ಒದ್ದೆ ಬಟ್ಟೆ ಈ ಕಡೆಯಿಂದ ನಡುವೆ ಹೋಗಿ ಆ ಕಡೆಯಿಂದ ಇಸ್ತ್ರಿಯಾಗಿ ಬರುತ್ತದೆ. ಬರಬೇಕು. ಒಮ್ಮೊಮ್ಮೆ ಬಟ್ಟೆಯ ಮೂಲೆ ಆಚೆ ಬರದೆ ಉರುಳೆಯನ್ನೇ ತಬ್ಬಿಕೊಂಡು ಹಿಂದಕ್ಕೆ ಸುತ್ತಿಕೊಳ್ಳುತ್ತದೆ. ಆಗ ಉರುಳೆ ನಿಲ್ಲಿಸಿ, ಹಿಂಬದಿಗೆ ಹೋಗಿ, ಮುಚ್ಚಳ ಬಿಚ್ಚಿ, ಮೂಲೆ ಹುಡುಕಿ ಬಿಡಿಸಬೇಕು. ಅಷ್ಟು ಹೊತ್ತಿಗೆ ತೊಟ್ಟಿಲಿನ ಮೇಲಿನ ಬಟ್ಟೆ ಕಂದುತ್ತದೆ, ಮೆತ್ತೆ ಹೊಗೆಯಾಡುತ್ತದೆ, ಮೇಸ್ತ್ರಿ ಕುಣಿಯುತ್ತಾನೆ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ರಬ್ಬರಕ್ಕ ಬಟ್ಟೆ ಮಡಿಸುವ ಮೇಜಿನಲ್ಲಿದ್ದಳು. ಆಗಿನ್ನೂ ಆಕೆಗೆ ಈ ಹೆಸರಿರಲಿಲ್ಲ. ಒಂದು ದಿನ ಉರುಳೆ ಬಟ್ಟೆ ನುಂಗಿತು. ರಿಪೇರಿಯವನು ಊಟಕ್ಕೆ ಹೋಗಿದ್ದ. ಮೇಸ್ತ್ರಿ ಕುಣಿಯುತ್ತಿದ್ದ. ಉರುಳೆಯ ತುದಿಗೂ ಪಕ್ಕದ ಕಬ್ಬಿಣದ ಚೌಕಟ್ಟಿಗೂ ನಡುವೆ ಒಂದು ಸಂದಿ. ಚಪ್ಪಲಿಯೊಂದು ಅಡ್ಡಡ್ಡ ತೂರುವಷ್ಟು. ಈಕೆ ಹೋಗಿ ಆ ಸಂದಿಯಲ್ಲಿ ಭುಜದವರೆಗೂ ಕೈ ಇಳಿಸಿದಳು. ಒಳಗೆ ಅಡ್ಡ ಬಂದ ಹಬೆಯ ಕೊಳವೆಯನ್ನು ಬಳಸಿ ಮೊಣಕೈಯನ್ನು ಉಲ್ಟಾ ಬಗ್ಗಿಸಿದಳು. ಉರುಳೆಯ ಬೆನ್ನು ತಡವಿ, ಮೂಲೆ ಸಿಕ್ಕಿತು ಅಂದಳು, ಎಳೆದಳು. ಬಟ್ಟೆ ಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು.

ನನ್ನ ಮಟ್ಟಿಗೆ ಆ ಚಪ್ಪಾಳೆಯೇ ಮೊದಲ ಅಪರಾಧ.

ಯಾಕೆಂದರೆ ಅಂದಿನಿಂದ ಹಿಂಬದಿಯ ಮುಚ್ಚಳವನ್ನು ಯಾರೂ ಬಿಚ್ಚಲಿಲ್ಲ. ಯಾಕೆ ಬಿಚ್ಚಬೇಕು, ರಬ್ಬರಕ್ಕ ಇದ್ದಾಳಲ್ಲ! ಆಮೇಲೆ ರಿಪೇರಿಯವನನ್ನು ಬಿಡಿಸಿದರು. ಯಾಕಿರಬೇಕು, ರಬ್ಬರಕ್ಕ ಇದ್ದಾಳಲ್ಲ! ಆಮೇಲೆ ಸೋಪಿನ ಪೀಪಾಯಿಗಳಿಗೆ ಜಾಗ ಸಾಲದಾಗಿ, ಉರುಳೆಯ ಹಿಂದೆ ಮುಚ್ಚಳಕ್ಕೆ ಬಣ್ಣ ಬಳಿದು, ಅದಕ್ಕೆ ಅಂಟಿಕೊಂಡಂತೆ ಕಬ್ಬಿಣದ ಅಟ್ಟ ನಿಲ್ಲಿಸಿ, ಕಾಲುಗಳಿಗೆ ಸಿಮೆಂಟು ಹಾಕಿದರು. ಒಂದು ಯಂತ್ರದ ಬಾಗಿಲಿಗೆ ಗೋಡೆ ಕಟ್ಟಿದ ಹಾಗೆ. ಹೆಂಗಸೊಬ್ಬಳ ಕೈ ವಿಚಿತ್ರವಾಗಿ ಬಗ್ಗುತ್ತದೆ ಎಂಬುದನ್ನು ನಂಬಿ ಕಟ್ಟಡದ ನಕ್ಷೆಯನ್ನೇ ಬದಲಿಸಿದ ಜಾಣರು ಇವರು! ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು ಅಂತ ಗಾದೆ. ಗಾದೆ ಮಾಡಿದವನು ಈ ಉರುಳೆ ನೋಡಿರಲಿಲ್ಲ. ನೋಡಿದ್ದರೆ 'ಬಗ್ಗಿದವಳಿಗೆ' ಅನ್ನುತ್ತಿದ್ದ.

ಆಕೆಯ ಗಂಡ ದೂರದೂರಿಗೆ ಲಾರಿ ಓಡಿಸುವವನು. ಮನೆಗೆ ಬಂದರೆ ನಿದ್ದೆ, ಎದ್ದರೆ ಲಾರಿ. ಮನೆಯಲ್ಲಿ ಮಾತಾಡಲು ಇರುವುದು ಮಗಳೊಬ್ಬಳೇ, ಅವಳೋ ಮಾತಿನಮಲ್ಲಿ. ಓದು ಮುಗಿಸಿ ಕೆಲಸ ಹುಡುಕುತ್ತ ಕೂತಿದ್ದಳು. ಕೂತಿದ್ದಳು ಅನ್ನುವುದಕ್ಕಿಂತ ಬಿದ್ದಿದ್ದಳು ಅನ್ನಬೇಕು. ಬೆನ್ನು ಗೂನು ಮಾಡಿ, ಭುಜ ಜೋತುಬಿಟ್ಟು, ಕಾಲನ್ನು ಎಲ್ಲೋ ಮಡಿಸಿ ಮೂಲೆಯಲ್ಲಿ ಬಿದ್ದಿರುವಳು.

"ನೆಟ್ಟಗೆ ಕೂತ್ಕೊಳ್ಳೇ! ಮೂಟೆ ಎತ್ತಿ ಹಾಕಿದ ಹಾಗಿದ್ದೀಯ," ಎಂದು ತಾಯಿ ದಿನಾ ಬೈಯುವಳು.

"ಮೂಟೆಗೆ ಮೈಕೈ ನೋವೇ ಇರಲ್ಲ ಗೊತ್ತಾ ಅಮ್ಮಾ," ಎಂದು ಮಗಳು ದಿನಾ ಹೇಳುವಳು.

ಡಬ್ಬಿಯ ದಿನದ ಸಂಜೆ ತಾಯಿ ಬೈಯಲಿಲ್ಲ. ಬಟ್ಟೆ ಒಣಗಿಸುವ ತಂತಿಯತ್ತ ಕೈ ಎತ್ತಿದಳು. ಭುಜದೊಳಗೆ ಏನೋ ಜಾರಿತು. ಒದ್ದೆ ಸೋಪು ಬಚ್ಚಲಿನಲ್ಲಿ ಜಾರಿದಂತೆ, ಅಷ್ಟು ಸಲೀಸಾಗಿ. ಕೈ ಅವಳದಲ್ಲದ ಹಾಗೆ ತೂಗಿತು. ಆಕೆ ಗೋಡೆಗೆ ಒರಗಿ, ಎಡಗೈಯಿಂದ ಬಲಗೈಯನ್ನು ಹೊತ್ತು ಹಿಡಿದು, ಉಸಿರು ಬಿಟ್ಟಳು. ಟಕ್ಕೆಂದು ಮೂಳೆ ತನ್ನ ಮನೆಗೆ ಮರಳಿತು.

ಮಗಳು ಬಾಗಿಲಲ್ಲಿ ನಿಂತಿದ್ದಳು. "ಇದು ಮೊದಲನೇ ಸಲ ಅಲ್ಲ ಅಲ್ವಾ?"

ಮೊದಲನೆಯದಲ್ಲ. ಸಮಾಧಾನ ಅಂದರೆ, ಇಷ್ಟು ದಿನ ಜಾರಿದ್ದೆಲ್ಲ ಮನೆಯಲ್ಲಿ, ಬಸ್ಸಿನಲ್ಲಿ, ತಲೆ ಬಾಚುವಾಗ. ಸಂದಿಯೊಳಗೆ ಒಮ್ಮೆಯೂ ಜಾರಿರಲಿಲ್ಲ. ಜಾರಿದರೆ? ಕೈ ಒಳಗೆ ಬಿಸಿ ಕಬ್ಬಿಣದ ನಡುವೆ, ಮೈ ಹೊರಗೆ. ಪ್ರತಿ ಸಲ ಕೈ ಹೊರಗೆ ಎಳೆದುಕೊಂಡ ಮೇಲೆ ಐದೂ ಬೆರಳು ಇವೆಯೇ ಎಂದು ಮಗುವಿನ ಹಾಗೆ ಮುಟ್ಟಿ ನೋಡಿಕೊಳ್ಳುತ್ತಿದ್ದಳು.

ಮಗಳೇ ಎಳೆದುಕೊಂಡು ಆಸ್ಪತ್ರೆಗೆ ಹೋದಳು. ವ್ಯಾಯಾಮ ಮಾಡಿಸುವ ಕೋಣೆಯಲ್ಲಿ ಒಬ್ಬಳು ಡಾಕ್ಟರಮ್ಮ. ಅವಳ ಪಕ್ಕದಲ್ಲಿ ಕಂಬಕ್ಕೆ ನೇತುಹಾಕಿದ ಪ್ಲಾಸ್ಟಿಕ್ಕಿನ ಅಸ್ಥಿಪಂಜರ. ರಬ್ಬರಕ್ಕ ಅದರ ಕಡೆ ನೋಡದೆ ಕೂತಳು. ಮಗಳು ಹೋಗಿ ಅದರ ಕೈ ಕುಲುಕಿದಳು.

"ಮುಟ್ಟು ಮುಟ್ಟು, ಅದಕ್ಕೇ ಇರೋದು," ಅಂದಳು ಡಾಕ್ಟರಮ್ಮ. "ಮೊಣಕೈ ಬಗ್ಗಿಸಿ ನೋಡು. ಬಾಗಿಲಿನ ಹಾಗೆ, ಒಂದೇ ಕಡೆಗೆ. ಹಿಂದೆ ನೋಡು, ಮುಂಗೈ ಮೂಳೆಯ ತುದಿ ಕೊಕ್ಕೆ ಥರ ಇದೆ. ಕೈ ನೇರ ಮಾಡಿದಾಗ ಅದು ಮೇಲಿನ ಮೂಳೆಯ ಗುಳಿಗೆ ಹೋಗಿ ಕೂತ್ಕೊಳ್ಳುತ್ತೆ. ಅಲ್ಲಿಗೆ ಬಂದ್. ಬಾಗಿಲಿಗೆ ತಡೆ ಇಟ್ಟ ಹಾಗೆ."

"ನಮ್ಮ ಮನೇಲಿ ತಡೆ ಇಲ್ಲ," ಅಂದಳು ಮಗಳು, ತನ್ನ ಕೈ ಚಾಚಿ.

"ತಡೆ ಇದೆ. ಮೂಳೆಗೂ ಮೂಳೆಗೂ ಗಂಟು ಹಾಕಿರೋ ಪಟ್ಟಿಗಳು ಸಡಿಲ. ಅದಕ್ಕೇ ಹದ ಮೀರಿ ಹೋಗುತ್ತೆ." ಡಾಕ್ಟರಮ್ಮ ಅಸ್ಥಿಪಂಜರದ ತೋಳನ್ನು ಮೇಲೆತ್ತಿದಳು. "ಈಗ ಭುಜ. ಇದು ಬಾಗಿಲಲ್ಲ. ತೋಳಿನ ತುದೀಲಿ ಚೆಂಡು. ಅದು ಕೂರೋ ಬಟ್ಟಲು ಎಷ್ಟು ಚಿಕ್ಕದು ನೋಡಿ, ಆಳವೇ ಇಲ್ಲ. ದೊಡ್ಡ ನಿಂಬೆಹಣ್ಣನ್ನ ಸಣ್ಣ ತಟ್ಟೇಲಿ ಇಟ್ಟ ಹಾಗೆ. ಸೊಂಟದ ಕೀಲು ಹಾಗಲ್ಲ, ಅಲ್ಲಿ ಬಟ್ಟಲು ಆಳ, ಚೆಂಡು ಒಳಗೆ ಭದ್ರ. ಅದಕ್ಕೇ ಕಾಲು ಕೈಯಷ್ಟು ತಿರುಗಲ್ಲ, ಕೈಯಷ್ಟು ಸುಲಭಕ್ಕೆ ಜಾರೋದೂ ಇಲ್ಲ. ಭುಜ ಎಲ್ಲಾ ಕಡೆ ತಿರುಗುತ್ತೆ. ಅದಕ್ಕೆ ತೆರೋ ಬೆಲೆಯೇ ಈ ಜಾರೋದು. ಸುತ್ತ ಇರೋ ಸ್ನಾಯುಗಳೇ ಅದನ್ನ ಹಿಡಿದಿಡಬೇಕು. ನಿಮ್ಮದರಲ್ಲಿ ಪಟ್ಟಿ ಸಡಿಲ, ಸ್ನಾಯು ದಣಿದಿದೆ. ಏನು ಕೆಲಸ ಮಾಡ್ತೀರಿ?"

ರಬ್ಬರಕ್ಕ ಹೇಳಿದಳು. ಡಾಕ್ಟರಮ್ಮನ ಕೈಯಲ್ಲಿದ್ದ ಪ್ಲಾಸ್ಟಿಕ್ ತೋಳು ಅಲ್ಲೇ ನಿಂತಿತು.

"ಇನ್ನು ಮೇಲೆ ಬೇಡ," ಅಂದಳು ಕೊನೆಗೆ. "ಜಾರಿದರೆ ಎಳೀಬೇಡಿ, ಯಾರಿಗೂ ಎಳೆಯೋಕೆ ಬಿಡಬೇಡಿ. ನೀವು ಹೆದರಿದಷ್ಟೂ ಸ್ನಾಯು ಬಿಗಿಯುತ್ತೆ, ಬಿಗಿದಷ್ಟೂ ಚೆಂಡು ಹೊರಗೇ ಸಿಕ್ಕಿಕೊಳ್ಳುತ್ತೆ. ಎಲ್ಲಾ ಬಿಟ್ಟುಬಿಡಬೇಕು. ಜೋತುಬೀಳಬೇಕು. ಮಗಳದೂ ಇದೇ ಮೈ. ರಕ್ತದಲ್ಲಿ ಬಂದಿದ್ದು. ಅವಳಿಂದ ಈ ಕೆಲಸ ಮಾಡಿಸಬೇಡಿ."

ಮಗಳ ಕಣ್ಣು ಇನ್ನೂ ಅಸ್ಥಿಪಂಜರದ ಮೇಲೆ. "ಇದರ ಕತ್ತು ಯಾಕೆ ಹೀಗೆ ಆಡುತ್ತೆ?"

"ಅಲ್ಲಿ ಎರಡು ಕೀಲು. ತಲೆಬುರುಡೆ ಮೊದಲನೇ ಮೂಳೆ ಮೇಲೆ ಹಿಂದೆ ಮುಂದೆ ತೂಗುತ್ತೆ, ಅದು 'ಹೂಂ'. ಮೊದಲನೇ ಮೂಳೆ ಎರಡನೇದರ ಗೂಟದ ಸುತ್ತ ತಿರುಗುತ್ತೆ, ಅದು 'ಊಹೂಂ'."

ಪ್ರಕೃತಿ 'ಹೂಂ' ಅನ್ನಲೊಂದು, 'ಊಹೂಂ' ಅನ್ನಲೊಂದು ಕೀಲು ಕೊಟ್ಟಿದೆ. ಬಡವರ ಮನೆಯಲ್ಲಿ ಎರಡನೆಯದು ತುಕ್ಕು ಹಿಡಿದಿರುತ್ತದೆ. ಹಿಡಿಸಿದವರು ಯಾರೆಂದು ಬಿಡಿಸಿ ಹೇಳಬೇಕೆ?

ಮಾರನೆಯ ದಿನ ರಬ್ಬರಕ್ಕ ಮೇಸ್ತ್ರಿಯ ಮುಂದೆ ನಿಂತಳು. ಬಾಯಿಪಾಠ ಮಾಡಿಕೊಂಡು ಹೋದದ್ದು ಬಹಳ ಇತ್ತು. ಬಂದದ್ದು ಇಷ್ಟೇ: "ಭುಜ ಜಾರುತ್ತೆ ಸ್ವಾಮಿ. ಡಾಕ್ಟರು ಬೇಡ ಅಂದ್ರು."

ಮೇಸ್ತ್ರಿ ಕೆಟ್ಟವನಲ್ಲ, ಎಂದು ಎಲ್ಲರೂ ಹೇಳುತ್ತಾರೆ. ದನಿ ಏರಿಸುವವನಲ್ಲ. ಕುರ್ಚಿ ಎಳೆದು ಕೂರಿಸಿದ. ನೀರು ತರಿಸಿದ.

"ಪಾಪ, ನಿಮಗೂ ವಯಸ್ಸಾಯ್ತು. ಮೊದಲೇ ಹೇಳಬಾರದಾ? ಒಂದು ಕೆಲಸ ಮಾಡೋಣ. ನೀವು ಮಡಿಸೋ ಮೇಜಿಗೆ ಹೋಗಿ, ಆರಾಮಾಗಿರಿ. ಉರುಳೆಗೆ ಮಗಳು ಬರಲಿ. ಮನೇಲಿ ಸುಮ್ಮನೆ ತಾನೆ ಇರೋದು?"

"ಅವಳು ಬೇಡ."

"ಹಾಗಾದ್ರೆ ನೀವೇ ಮಾಡಿ." ಅವನು ನಗುತ್ತಲೇ ಇದ್ದ. "ಎರಡೂ ಬೇಡ ಅಂದ್ರೆ ಉರುಳೆ ನಡೆಯೋದು ಹೇಗೆ? ಉರುಳೆ ನಡೀದೆ ಇದ್ರೆ ಆ ಮೇಜಿನ ಹೆಂಗಸರಿಗೆಲ್ಲ ಕೆಲಸ ಎಲ್ಲಿ? ನೀವೇ ಹೇಳಿ, ನ್ಯಾಯ ನೀವೇ ಹೇಳಿ."

ಅತ್ತ ದರಿ, ಇತ್ತ ಪುಲಿ. ತನ್ನ ಕೈ ಎತ್ತಿಕೊಂಡರೆ ಆ ಸಂದಿಗೆ ಮಗಳ ಕೈ ಹೋಗುತ್ತದೆ. ಮಗಳ ಕೈ ಉಳಿಯಬೇಕಾದರೆ ತನ್ನದನ್ನು ಇಳಿಸುತ್ತಲೇ ಇರಬೇಕು. ಹಿಂಬದಿಯ ಮುಚ್ಚಳದ ಮಾತು ಮೇಸ್ತ್ರಿಯ ತಲೆಗೂ ಬರಲಿಲ್ಲ, ಆಕೆಯ ತಲೆಗೂ ಬರಲಿಲ್ಲ. ಅಲ್ಲೊಂದು ಮುಚ್ಚಳ ಇದೆ ಎನ್ನುವುದನ್ನೇ ಹೆಚ್ಚುಕಮ್ಮಿ ಎಲ್ಲರೂ ಮರೆತಿದ್ದರು. ಅಭ್ಯಾಸ ಎನ್ನುವುದು ಸಿಮೆಂಟಿಗಿಂತ ಗಟ್ಟಿ.

ಮನೆಯಲ್ಲಿ ಮಗಳದು ಬೇರೆಯೇ ರಾಗ.

"ಮೇಸ್ತ್ರಿ ಗೇಟಿನ ಹತ್ರ ಸಿಕ್ಕಿದ್ದ. ಬಂದು ನೋಡು ಅಂದ. ನಾನು ಬರ್ತೀನಿ."

"ಹೋದ್ರೆ ಕಾಲು ಮುರೀತೀನಿ."

"ಮುರೀಬೇಡ, ಬಗ್ಗಿಸು. ಹೆಂಗೂ ಬಗ್ಗುತ್ತಲ್ಲ."

"ತಮಾಷೆ ಮಾಡ್ಬೇಡ ಕಣೇ!" ತಾಯಿಯ ದನಿ ಒಡೆಯಿತು. "ನಿನ್ನ ಮೈಯಲ್ಲಿ ನಾನು ಕೊಟ್ಟಿದ್ದು ಒಳ್ಳೇದು ಇನ್ನೇನೂ ಇಲ್ವಾ? ಇದೊಂದನ್ನೇ ಹಿಡ್ಕೊಂಡು ಹೊರಟಿದ್ದೀಯಲ್ಲ!"

ಮಗಳು ಎದ್ದು ಬಂದು ಅಮ್ಮನ ಪಕ್ಕ ಕೂತಳು. "ನೀನು ಒಳಗೆ ಕೈ ಹಾಕಿ ನಿಂತಿರ್ತೀಯ, ನಾನಿಲ್ಲಿ ಬಿದ್ದಿರ್ತೀನಿ. ನನಗೂ ಹೆದರಿಕೆ ಆಗುತ್ತೆ ಅಮ್ಮಾ," ಅಂದಳು. "ನೋಡಿದ್ರೆ ಕಮ್ಮಿ ಆಗಬಹುದು ಅಷ್ಟೆ."

ಅವಳು ಬಂದೇ ಬಂದಳು. ಮೇಸ್ತ್ರಿ ತಾನೇ ಎದುರುಗೊಂಡು ಒಳಗೆ ಕರೆತಂದ. ಮಡಿಸುವ ಮೇಜಿನಲ್ಲಿ ಎಲ್ಲದಕ್ಕೂ ಗೊಣಗುವ ಹಿರಿಯಳೊಬ್ಬಳಿದ್ದಳು, ಗೊಣಗಮ್ಮ ಅಂತಲೇ ಹೆಸರು. ಅವಳು ಹುಡುಗಿಯನ್ನು ಮೇಲಿನಿಂದ ಕೆಳಗೆ ನೋಡಿ, "ಬಂದ್ಯಾ ತಾಯಿ? ಕುರಿ ತಾನಾಗೇ ಕಟುಕನ ಮನೆ ಹುಡುಕ್ಕೊಂಡು ಬಂತು," ಎಂದು ಬಟ್ಟೆಗೆ ಹೇಳಿದಳು.

ಬೆಳಗಿನ ಬಿಸಿಲು ಮೇಲಿನ ಗಾಜುಗಳಿಂದ ಹಬೆಯ ಮೇಲೆ ಬೀಳುತ್ತಿತ್ತು. ರಬ್ಬರಕ್ಕ ಉರುಳೆಗೆ ಬಟ್ಟೆ ಕೊಡುತ್ತ ಪ್ರತಿಯೊಂದರ ಮೂಲೆಯನ್ನೂ ಕಣ್ಣಿನಿಂದಲೇ ಹಿಡಿದು ನಿಂತಿದ್ದಳು. ಸುತ್ತಿಕೊಳ್ಳಬೇಡ, ಇವತ್ತೊಂದು ದಿನ ಸುತ್ತಿಕೊಳ್ಳಬೇಡ. ಹೀಗೆ ಬೇಡಿಕೊಳ್ಳುತ್ತಿರುವಾಗಲೇ ಬೆವತ ಬೆರಳಿನಿಂದ ಒಂದು ಬಟ್ಟೆ ವಾರೆಯಾಗಿ ಜಾರಿತು. ಮೂಲೆ ಒಳಗೆ ಹೋಯಿತು, ಆಚೆ ಬರಲಿಲ್ಲ. ಉರುಳೆ ಗೊರಗೊರ ಅಂತು.

ಮೇಸ್ತ್ರಿ ಕೆಂಪು ಗುಂಡಿ ಒತ್ತಿದ. ಉರುಳೆ ನಿಂತಿತು, ಕಾವು ನಿಲ್ಲಲಿಲ್ಲ. ಅವನು ಮಗಳ ಕಡೆ ತಿರುಗಿದ. "ಬಾಮ್ಮ. ಒಳ್ಳೇ ಸಮಯಕ್ಕೇ ಆಯ್ತು. ಇಲ್ಲಿ, ಈ ಸಂದೀಲಿ. ಅಮ್ಮ ಹೇಳ್ಕೊಡ್ತಾರೆ."

ಮಗಳು ಸಂದಿಯನ್ನು ನೋಡಿದಳು. ಅಷ್ಟು ಹತ್ತಿರದಿಂದ ಅವಳು ಅದನ್ನು ನೋಡಿರಲಿಲ್ಲ. ಒಳಗಿನಿಂದ ಬರುವ ಬಿಸಿಗೆ ಹುಬ್ಬು ಮುದುಡಿತು. ಆದರೂ ಅಂಗಿಯ ತೋಳು ಮಡಿಸತೊಡಗಿದಳು. ಎಲ್ಲರೂ ನೋಡುತ್ತಿದ್ದಾರೆ ಎನ್ನುವುದೊಂದೇ ಸಾಕು, ಮನುಷ್ಯ ಬೆಂಕಿಗೂ ಕೈ ಇಡುತ್ತಾನೆ.

ತಾಯಿ ಅವಳನ್ನು ಸೊಂಟದಿಂದ ಗುದ್ದಿ ಪಕ್ಕಕ್ಕೆ ತಳ್ಳಿದಳು. ಬಲಗೈಯನ್ನು ಭುಜದವರೆಗೂ ಇಳಿಸಿದಳು.

ಕೊಳವೆ ದಾಟಿತು. ಮೊಣಕೈ ಹಿಂದಕ್ಕೆ ಬಾಗಿತು. ಬೆರಳಿಗೆ ಮೂಲೆ ಸಿಕ್ಕಿತು. ಎಳೆದಳು.

ಒದ್ದೆ ಸೋಪು ಜಾರಿತು.

ಕಿರುಚಲು ಉಸಿರೇ ಇರಲಿಲ್ಲ. ಚೆಂಡು ತಟ್ಟೆಯಿಂದಾಚೆ, ಕೈ ಕೊಳವೆಯ ಆಚೆ. ಕೈ ಹೊರಬರಬೇಕಾದರೆ ಭುಜ ತಿರುಗಬೇಕು. ತಿರುಗಬೇಕಾದ ಕೀಲು ತನ್ನ ಜಾಗದಲ್ಲೇ ಇಲ್ಲ. ಮುಂಗೈಯ ಹಿಂಭಾಗ ಕಾದ ಕಬ್ಬಿಣಕ್ಕೆ ತಾಗಿತ್ತು. ಮೊದಲು ಬಿಸಿ, ಆಮೇಲೆ ಉರಿ.

"ಸಿಕ್ಕಿಕೊಂಡ್ತು," ಅಂದಳು. ಆ ದನಿ ಆಕೆಯದೇ ಎಂದು ಯಾರಿಗೂ ಅನಿಸಲಿಲ್ಲ.

ಒಬ್ಬಳು ಓಡಿ ಬಂದು ಆಕೆಯ ಸೊಂಟ ಹಿಡಿದು ಹಿಂದಕ್ಕೆ ಜಗ್ಗಿದಳು. ಆಗ ಕಿರುಚಾಟ ಬಂತು. "ಎಳೀಬೇಡಿ!" ಎಂದು ಮಗಳು ಅರಚಿ ಅವಳನ್ನು ಬಿಡಿಸಿದಳು. "ಹಿಂದಿನ ಮುಚ್ಚಳ ತೆಗೀರಿ!" ಎಂದು ಗೊಣಗಮ್ಮ ಕೂಗಿದಳು. ಮೇಜಿನವರಲ್ಲಿ ಹಳಬಳು ಅವಳೊಬ್ಬಳೇ; ಅವಳೊಬ್ಬಳಿಗೇ ಅದು ನೆನಪಿದ್ದದ್ದು. ಹೆಂಗಸರು ಹಿಂದೆ ಓಡಿದರು. ಪೀಪಾಯಿಗಳನ್ನು ಉರುಳಿಸಿದರು, ಅಟ್ಟಕ್ಕೆ ಹೆಗಲು ಕೊಟ್ಟರು. ಅಟ್ಟ ಅಲುಗಲಿಲ್ಲ. ಕಾಲುಗಳು ನೆಲದೊಳಗಿದ್ದವು.

ಬಟ್ಟೆ ಕಂದುವ ವಾಸನೆ ಬಂತು. ಉರುಳೆಯ ಅಂಚಿನಿಂದ ನೂಲಿನಂಥ ಹೊಗೆ ಎದ್ದಿತು.

ಮೇಸ್ತ್ರಿಯ ಮುಖ ಸುಣ್ಣವಾಗಿತ್ತು. "ಮೆತ್ತೆ ಹತ್ತಿಕೊಳ್ಳುತ್ತೆ," ಎಂದು ತೊದಲಿದ. "ಅರ್ಧ ಸುತ್ತು ತಿರುಗಿಸಿದ್ರೆ ಸಡಿಲ ಆಗಬಹುದು. ಅರ್ಧ ಸುತ್ತು ಅಷ್ಟೇ." ಅವನ ಬೆರಳು ಹಸಿರು ಗುಂಡಿಯತ್ತ ಹೋಯಿತು. ಅವನೂ ಹೆದರಿದ್ದ, ಒಪ್ಪುತ್ತೇನೆ. ಆದರೆ ಹೆದರಿದ ಮೇಸ್ತ್ರಿಯ ಕೈ ಗುಂಡಿಗೇ ಯಾಕೆ ಹೋಗುತ್ತದೆ? ಕಾವಿನ ಕವಾಟ ತಿರುಗಿಸಲು ಯಾಕೆ ಹೋಗುವುದಿಲ್ಲ?

ಮಗಳು ಗುಂಡಿಗಳ ಹಲಗೆಗೆ ಬೆನ್ನು ಕೊಟ್ಟು ನಿಂತಳು. "ಮುಟ್ಟಿ ನೋಡೋಣ," ಅಂದಳು. "ಕಾವು ಆರಿಸಿ ಮೊದಲು. ಹೋಗಿ!"

ಅವನು ಕವಾಟದ ಕಡೆ ಓಡಿದ. ಕಾವು ತಕ್ಷಣ ಇಳಿಯುವಂಥದ್ದಲ್ಲ. ಮಗಳು ಹಲಗೆ ಬಿಟ್ಟು ಕದಲುವ ಹಾಗಿಲ್ಲ. ತಾಯಿ ಸಂದಿ ಬಿಟ್ಟು ಬರುವ ಹಾಗಿಲ್ಲ. ನಡುವೆ ನಾಲ್ಕು ಹೆಜ್ಜೆ. ಮಗಳ ಕಣ್ಣು ಸಂದಿಗೆ ಹೋಯಿತು. ತನ್ನ ಕೈ ಅಲ್ಲಿ ಹೋಗುತ್ತದೆ, ಮೇಲಿನಿಂದ ಅಮ್ಮನ ಮೊಣಕೈ ಹಿಡಿಯಬಹುದು.

ತಾಯಿಗೆ ಆ ನೋಟ ಅರ್ಥವಾಯಿತು. ಉರಿಗಿಂತ ಅದೇ ಸುಟ್ಟಿತು. "ಕೈ ಹಾಕಿದ್ಯೋ, ನನ್ನ ಹೆಣ ನೋಡ್ತೀಯ!" ಹಾಗೆ ಕೂಗುತ್ತಲೇ ಭುಜ ಇನ್ನೂ ಬಿಗಿಯಿತು, ಕಿವಿಯವರೆಗೂ ಏರಿ ಕಲ್ಲಾಯಿತು.

"ಹಾಕಲ್ಲ," ಅಂದಳು ಮಗಳು. ಕಣ್ಣೀರು ಇಳಿಯುತ್ತಿತ್ತು, ದನಿಯನ್ನು ಮಾತ್ರ ಹೇಗೋ ಹಿಡಿದಿದ್ದಳು. "ಹಾಕಲ್ಲ ಅಮ್ಮಾ, ಆಣೆ. ನನ್ನ ನೋಡು. ನಿನ್ನ ಭುಜ ಕಿವಿಗೆ ಹೋಗಿದೆ. ಕೆಳಗೆ ಬಿಡು. ನೆಟ್ಟಗೆ ನಿಂತಿದ್ದೀಯ, ಹಾಗೆ ನಿಲ್ಲಬೇಡ. ದಿನಾ ನನಗೆ ಬೈತೀಯಲ್ಲ? ಹಾಗೆ ಆಗು. ಮೂಟೆ ಥರ. ಎತ್ತಿ ಹಾಕಿದ ಮೂಟೆ ಥರ ಅಮ್ಮಾ."

ಹೆದರಿದವರಿಗೆ ಹೆದರಬೇಡ ಎನ್ನುವುದು ಮುಳುಗುವವರಿಗೆ ಒದ್ದೆಯಾಗಬೇಡ ಎಂದ ಹಾಗೆ. ಆದರೆ ಮಗಳು ಹೆದರಬೇಡ ಅನ್ನಲಿಲ್ಲ. ಮೂಟೆ ಅಂದಳು. ರಬ್ಬರಕ್ಕನ ಕಣ್ಣ ಮುಂದೆ ಮನೆಯ ಮೂಲೆ ಬಂತು. ಬೆನ್ನು ಗೂನು ಮಾಡಿ ಬಿದ್ದ ಆ ಸೋಮಾರಿ ಮೈ ಬಂತು. ಹೊಗೆಯ ನಡುವೆಯೇ ಆಕೆ ಹಣೆಯನ್ನು ಚೌಕಟ್ಟಿಗೆ ಆನಿಸಿದಳು. ಮೊಣಕಾಲು ಸಡಿಲ ಬಿಟ್ಟಳು. ಉಸಿರು ಬಿಟ್ಟಳು. ಕೈ ಸುಡುತ್ತಿದ್ದರೂ ಅದನ್ನು ಸುಡಲು ಬಿಟ್ಟು, ತೋಳಿನ ಭಾರವನ್ನೆಲ್ಲ ಕೆಳಕ್ಕೆ ಜೋತುಬಿಟ್ಟಳು. ಅಂಥ ಹೊತ್ತಿನಲ್ಲಿ ಮೈಯನ್ನು ಹಾಗೆ ಬಿಡಲು ಎಷ್ಟು ಗುಂಡಿಗೆ ಬೇಕೆಂದು ನಾನು ಬಲ್ಲೆನೆಂದರೆ ಸುಳ್ಳಾದೀತು.

ಟಕ್.

ಮೊಣಕೈ ಬಾಗಿತು, ಕೊಳವೆ ದಾಟಿತು, ಕೈ ಬಂತು. ಮುಂಗೈ ಉದ್ದಕ್ಕೂ ಕೆಂಪು ಪಟ್ಟಿ, ನಡುವೆ ಬಿಳಿ. ಐದೂ ಬೆರಳು ಇದ್ದವು. ಮಗಳು ಅವನ್ನು ದೂರದಿಂದಲೇ ನೋಡಿ, ಆಮೇಲಷ್ಟೇ ಹಲಗೆಯಿಂದ ಬೆನ್ನು ತೆಗೆದಳು. ತೆಗೆದವಳೇ ನೆಲಕ್ಕೆ ಕುಸಿದಳು.

ಆಸ್ಪತ್ರೆಯಲ್ಲಿ ರಬ್ಬರಕ್ಕನನ್ನು ಮಲಗಿಸಿದ ಹಾಸಿಗೆಗೆ ಬಿಳಿ ಬಟ್ಟೆ ಹಾಸಿತ್ತು. ಒಂದು ಸುಕ್ಕಿಲ್ಲ. ಆಕೆ ಅದರ ಅಂಚನ್ನು ಬೆರಳಲ್ಲಿ ತಿಕ್ಕಿ ನೋಡಿದಳು. "ನಮ್ಮ ಉರುಳೇದೇ," ಅಂದಳು. ನಾವೆಲ್ಲ ಕಾಯಿಲೆ ಬಿದ್ದಾಗ ಅದೇ ಬಟ್ಟೆಯ ಮೇಲೆ ಮಲಗುತ್ತೇವೆ. ಅದು ಯಾವ ಸಂದಿಯಿಂದ ಬಂತು ಅಂತ ಯಾರು ಕೇಳುತ್ತಾರೆ?

ಮೇಜಿನ ಹೆಂಗಸರು ಕೇಳಿದರು. ಹಿಂಬದಿಯ ಅಟ್ಟ ಹೋಗುವವರೆಗೂ ಬಟ್ಟೆ ಮುಟ್ಟುವುದಿಲ್ಲ ಎಂದು ಕೈ ಕಟ್ಟಿ ಕೂತರು; ಗೊಣಗಮ್ಮ ಅವರ ಮುಂದೆ ಕೂತು ತನ್ನ ಜೀವಮಾನದ ಗೊಣಗನ್ನೆಲ್ಲ ಒಂದೇ ಸಲಕ್ಕೆ ಜೋರಾಗಿ ಹೇಳಿದಳು. ಬೆಳಗ್ಗೆ ಕೂತವರು ಮಧ್ಯಾಹ್ನವಾದರೂ ಏಳದಿದ್ದಾಗ ಗರಗಸದವನು ಬಂದ. ಅಟ್ಟದ ಕಾಲು ಕತ್ತರಿಸಿದ. ಮುಚ್ಚಳದ ಮೇಲಿನ ಬಣ್ಣ ಕೆರೆದರು. ರಿಪೇರಿಯವನು ಹೋದ ಮೇಲೆ ಅದು ಬೋಲ್ಟು ಹಾಕಿದ ಬರೀ ತಗಡೆಂದೇ ಉಳಿದವರು ತಿಳಿದಿದ್ದರು. ಕೆರೆದಾಗ ಒಂದು ಪಕ್ಕದಲ್ಲಿ ತಿರುಗಣೆಗಳು ಕಂಡವು. ಎಣ್ಣೆ ಬಿಟ್ಟು ಎಳೆದರು; ಮುಚ್ಚಳ ಬಾಗಿಲಿನ ಹಾಗೆ ತೆರೆದುಕೊಂಡಿತು. ಒಬ್ಬಳು ನೆಟ್ಟಗೆ ನಿಂತು ಎರಡೂ ಕೈಯಿಂದ ಬಟ್ಟೆ ಬಿಡಿಸುವಷ್ಟು ಅಗಲ.

"ಇಷ್ಟು ಸುಲಭ ಇತ್ತಾ?" ಅಂದ ಮೇಸ್ತ್ರಿ.

ಇತ್ತು ಸ್ವಾಮಿ. ಯಂತ್ರ ಮಾಡಿದವನು ಕಬ್ಬಿಣವೇ ಬಗ್ಗಲಿ ಎಂದು ಕೀಲು ಇಟ್ಟಿದ್ದ. ನೀವು ಅದಕ್ಕೆ ಬಣ್ಣ ಬಳಿದು ಮನುಷ್ಯಳನ್ನು ಬಗ್ಗಿಸಿದಿರಿ.

ಎಲ್ಲ ಸುಖಾಂತವಾಯಿತು ಎಂದು ಎದೆ ಮೇಲೆ ಕೈ ಇಟ್ಟು ಮಲಗಬೇಡಿ. ರಬ್ಬರಕ್ಕ ಈಗ ಮಡಿಸುವ ಮೇಜಿನಲ್ಲಿದ್ದಾಳೆ. ಬಲಗೈ ಹೆಗಲಿಗಿಂತ ಮೇಲೆ ಹೋಗುವುದಿಲ್ಲ, ಆಕೆ ಹೋಗಲು ಬಿಡುವುದೂ ಇಲ್ಲ. ತಲೆಯನ್ನು ಮಗಳು ಬಾಚುತ್ತಾಳೆ. ಉರುಳೆ ಗೊರಗೊರ ಅಂದಾಗಲೆಲ್ಲ ಆಕೆಯ ಭುಜ ಕಿವಿಗೆ ಏರುತ್ತದೆ. "ಮೂಟೆ, ಮೂಟೆ," ಎಂದು ತನಗೆ ತಾನೇ ಹೇಳಿಕೊಂಡು ಇಳಿಸುತ್ತಾಳೆ. ಒಳಗಿನ ಚಾವಡಿಯಲ್ಲಿ ಎರಡನೆಯ ಉರುಳೆಯಿದೆ. ಅದರ ಹಿಂದೆ ಗೋಡೆಯೇ ಇದೆ. ಮೇಸ್ತ್ರಿ ಈಚೆಗೆ ಗೋಡೆಯ ಮಾತು ಬಂದರೆ ನೋಡೋಣ ಅನ್ನುತ್ತಾನೆ, ಆಮೇಲೆ ಮಗಳು ಹೇಗಿದ್ದಾಳೆ ಎಂದು ವಿಚಾರಿಸುತ್ತಾನೆ.

ಮೊನ್ನೆ ರಬ್ಬರಕ್ಕ ಮತ್ತೆ ಡಬ್ಬಿ ಮರೆತಳು. ಮಗಳು ತಂದಳು. ಗೇಟುಮಾವ ಕೂತಲ್ಲಿಂದಲೇ ಕೈ ಬೀಸಿದ.

"ಸಂದೀಲಿ ಇಟ್ಟು ಹೋಗಮ್ಮ, ಕಂಬದ ಹಿಂದೆ."

ಮೇಸ್ತ್ರಿ ಅಂಗಳದಲ್ಲೇ ನಿಂತಿದ್ದ. ಡಬ್ಬಿಗೆಂದು ಬಂದ ತಾಯಿ ಅವನನ್ನು ನೋಡಿದಳು, ಮಗಳನ್ನು ನೋಡಿದಳು, ನಿಂತಲ್ಲೇ ನಿಂತಳು.

ಮಗಳು ಡಬ್ಬಿಯನ್ನು ಎದೆಗೆ ಹಿಡಿದುಕೊಂಡಳು. ಮೊಣಕೈ ಮೈಗೆ ಅಂಟಿತ್ತು. ಕತ್ತು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ತಿರುಗಿತು.

"ಬೀಗ ತೆಗೀರಿ ಮಾವಾ."

"ಅಯ್ಯೋ, ಒಂದು ಡಬ್ಬಿಗೋಸ್ಕರ ಏಳಬೇಕೇನೇ?"

"ಏಳಿ."

ಮುದುಕ ಗೊಣಗುತ್ತ ಮಂಡಿ ಹಿಡಿದು ಎದ್ದ. ಅವನ ಮಂಡಿ ಲಟಲಟ ಅಂದಿತು. ಬೀಗ ತೆರೆಯುವವರೆಗೂ ಮಗಳು ಸರಳುಗಳಿಂದ ದೂರವೇ ನಿಂತಿದ್ದಳು.